ಹೆಬ್ಬಾಳ ಫ್ಲೈಓವರ್: ಸಿಗ್ನಲ್ ಇಲ್ಲ, ಆದ್ರೂ ಜಾಮ್ ಯಾಕೆ?

ಚಿಕ್ಕಬಳ್ಳಾಪುರದ ಕಡೆಯಿಂದ ಬೆಳಗ್ಗೆ ಬೆಂಗಳೂರಿಗೆ ಬಂದಿದ್ದೀರಾ? ಹೈವೇಲಿ ಸರ್ರನೆ ಬಂದ ಬಸ್ಸು ಹೆಬ್ಬಾಳ ಬರ್ತಿದ್ದಂಗೆ ಆಮೆ ಥರ ತೆವಳುತ್ತೆ. ಫ್ಲೈಓವರ್ ಮೇಲೆ ಸಿಗ್ನಲ್ ಇಲ್ಲ, ಆದ್ರೂ ಗಾಡಿ ನಿಲ್ಲುತ್ತೆ. ಯಾಕೆ? ಇವತ್ತು ಅದನ್ನೇ ನೋಡೋಣ.

ಬಳ್ಳಾರಿ ರಸ್ತೆಯೂ ಔಟರ್ ರಿಂಗ್ ರೋಡೂ ಸೇರುವ ಜಾಗ ಹೆಬ್ಬಾಳ. ಪಕ್ಕದಲ್ಲೇ ಕೆರೆ, ರೈಲು ಹಳಿ. ಬೇಕಾದ ಕಡೆ ಕಂಬ ನಿಲ್ಲಿಸೋಕಾಗಲ್ಲ. ಇಲ್ಲಿ ಬಿಡಿಎ ಕಟ್ಟಿಸಿದ ಫ್ಲೈಓವರ್ 2003ರಲ್ಲಿ ಸಂಚಾರಕ್ಕೆ ತೆರೆಯಿತು. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಗಿದ್ದು 2008ರ ಮೇನಲ್ಲಿ. ಅಂದ್ರೆ ಸೇತುವೆ ಮೊದಲು ಬಂತು, ಏರ್‌ಪೋರ್ಟಿನ ಜನ ಆಮೇಲೆ ಬಂದರು.

ಇಂಟರ್‌ಚೇಂಜ್ ಮಾಡೋ ಕೆಲಸ ಒಂದೇ: ಅಡ್ಡ ಹಾಯುವ ಗಾಡಿಗಳನ್ನು ಮೇಲೆ, ಕೆಳಗೆ ಅಂತ ಬೇರೆ ಮಾಡೋದು. ದಿಕ್ಕು ಬದಲಿಸುವವರಿಗೆ ಸುತ್ತು ದಾರಿ, ಅದೇ ಲೂಪ್. ಆದರೆ ಸುತ್ತಿ ಬಂದವರು ಕೊನೆಗೆ ಯಾವುದೋ ಒಂದು ರಸ್ತೆಗೆ ಸೇರಲೇಬೇಕಲ್ಲ?

ಮದುವೆ ಛತ್ರದ ಊಟದ ಹಾಲ್ ನೆನಪಿಸಿಕೊಳ್ಳಿ. ಮೂರು ಮೆಟ್ಟಿಲಿಂದ ಜನ ಆರಾಮಾಗಿ ಇಳೀತಾರೆ, ಒಳಗೆ ಹೋಗೋ ಬಾಗಿಲು ಮಾತ್ರ ಒಂದೇ. ನೂಕುನುಗ್ಗಲು ಆಗೋದು ಮೆಟ್ಟಿಲಲ್ಲಲ್ಲ, ಬಾಗಿಲಲ್ಲಿ. ಹೆಬ್ಬಾಳದಲ್ಲೂ ಅಷ್ಟೇ. ಏರ್‌ಪೋರ್ಟ್ ಕಡೆಯವರು, ಕೆ.ಆರ್. ಪುರದ ಕಡೆಯವರು ಎಲ್ಲರೂ ನಗರಕ್ಕೆ ಇಳಿಯುವಾಗ ಅದೇ ಕೆಲವು ಲೇನ್‌ಗಳಿಗೆ ನುಗ್ಗಬೇಕಿತ್ತು. ಒಬ್ಬ ಬ್ರೇಕ್ ಒತ್ತಿದರೆ ಹಿಂದಿನವರೆಲ್ಲ ಒತ್ತಬೇಕು. ಜಾಮ್ ಹಿಂದಕ್ಕೆ ಬೆಳೆಯುತ್ತಾ ಹೋಗುತ್ತೆ. ಆ ಸಾಲಲ್ಲಿ ಆಂಬುಲೆನ್ಸೂ ಇರುತ್ತೆ.

ಇದಕ್ಕೆ ಪರಿಹಾರ ಹುಡುಕುವಾಗ ಜಗಳಗಳೂ ಆದವು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಅಂದಾಗ, 2016ರಲ್ಲಿ ಜನ ಮರಗಳಿಗಾಗಿ ಬೀದಿಗಿಳಿದರು. 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಕೆ.ಆರ್. ಪುರದ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಸುಮಾರು 700 ಮೀಟರ್‌ನ ಹೊಸ ಲೂಪ್ ತೆರೆಯಿತು. ಛತ್ರಕ್ಕೆ ಇನ್ನೊಂದು ಬಾಗಿಲು ಇಟ್ಟಂಗೆ.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ಬೇಗ ಇಳಿದ ಗಾಡಿಗಳು ಮುಂದೆ ಮೇಖ್ರಿ ವೃತ್ತಕ್ಕೇ ಹೋಗಬೇಕು. ಅದರಾಚೆ ಅರಮನೆ ಮೈದಾನದ ಅಂಚಲ್ಲಿ ರಸ್ತೆ ಅಗಲಿಸೋ ಜಾಗದ ವಿವಾದ ಕೋರ್ಟ್ ಮೆಟ್ಟಿಲು ಹತ್ತಿದೆ. ಸೇತುವೆ ಎಷ್ಟೇ ದೊಡ್ಡದಾಗಲಿ, ಅದು ಇಳಿಯೋ ರಸ್ತೆಯಷ್ಟೇ ಅದರ ತಾಕತ್ತು.

ಮುಂದೆ ಯಾರಾದ್ರೂ ಹೊಸ ಫ್ಲೈಓವರ್ ಅಥವಾ ಸುರಂಗ ರಸ್ತೆ ಅಂದ್ರೆ, ಎಷ್ಟು ಉದ್ದ ಅಂತ ಮಾತ್ರ ಕೇಳಬೇಡಿ. ಎಲ್ಲಿ ಇಳಿಯುತ್ತೆ, ಅಲ್ಲಿ ಎಷ್ಟು ಲೇನ್ ಇದೆ ಅಂತ ಕೇಳಿ. ದುಡ್ಡು ನಮ್ಮದೇ ತಾನೇ? ಇವತ್ತಿಗೆ ಇಷ್ಟು, ಮತ್ತೆ ಸಿಗೋಣ.