ಗರಡಿ ಕಲಿಸುವುದು ಬಲವನ್ನಷ್ಟೇ ಅಲ್ಲ

ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ತಂದೆಯೊಬ್ಬರು ಹದಿನಾರು ವರ್ಷದ ಮಗನನ್ನು ನನ್ನ ಬಳಿ ಕರೆತಂದರು. ಹುಡುಗನ ಬಲಗೈ ಊದಿಕೊಂಡಿತ್ತು. ಬೈದವನ ಮುಖಕ್ಕೆ ಗುದ್ದಿದ್ದನಂತೆ. ಮೊದಲು ಎಕ್ಸ್‌ರೇ ತೆಗೆಸಲು ಕಳುಹಿಸಿದೆ. "ಆರು ತಿಂಗಳಿಂದ ಕುಸ್ತಿ ಕಲಿಯುತ್ತಿದ್ದಾನೆ. ಗರಡಿ ಬಿಡಿಸಲಾ ಡಾಕ್ಟರ್ ಸಾಹೇಬ್?" ಎಂದರು ತಂದೆ. "ಬೇಡ, ಅವನ ಕಲಿಕೆ ಇನ್ನೂ ಅರ್ಧವಾಗಿದೆ, ಪೂರ್ತಿ ಮಾಡಿಸಿ" ಎಂದೆ.

ಉಳಿದರ್ಧ ಯಾವುದು? ಎದುರಾಳಿಯನ್ನು ಕೆಡವುವವನಿಗಿಂತ ಕೋಪ ಬಂದಾಗ ತನ್ನನ್ನು ತಡೆದುಕೊಳ್ಳುವವನೇ ನಿಜವಾದ ಬಲಶಾಲಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮುಖಕ್ಕೆ ಹೊಡೆಯುವುದನ್ನೂ ತಡೆದಿದ್ದಾರೆ. ನಿಂತಿರುವಾಗ ಸಿಟ್ಟು ಬಂದರೆ ಕುಳಿತುಕೊಳ್ಳಬೇಕು ಎಂಬುದೂ ಅವರದೇ ಬೋಧನೆ. ನಮ್ಮ ಗರಡಿಗಳಲ್ಲಿ ಪೈಲ್ವಾನರು ಪಟ್ಟು ಹಾಕುವ ಮುನ್ನ ಕೈ ಕುಲುಕುತ್ತಾರೆ. ಆ ಅದಬು ಬೀದಿಯಲ್ಲೂ ಉಳಿಯಬೇಕು.

ಯುನಾನಿ ವೈದ್ಯಪದ್ಧತಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳುತ್ತದೆ. ಅವುಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಒಂದಾದರೆ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಇನ್ನೊಂದು. ಕೋಪ, ಭಯ, ದುಃಖಗಳು ಈ ಎರಡನೆಯದಕ್ಕೆ ಸೇರುತ್ತವೆ. ಇಬ್ನ್ ಸೀನಾ (980–1037) ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಕುಸ್ತಿಯನ್ನೂ ವ್ಯಾಯಾಮಗಳ ಸಾಲಿಗೆ ಸೇರಿಸಿದ್ದಾರೆ. ಅವರ ಪ್ರಕಾರ ವ್ಯಾಯಾಮಕ್ಕೆ ಒಂದು ಮಿತಿಯಿದೆ. ಮೈ ಬೆಚ್ಚಗಾಗಿ, ಕೈಕಾಲು ಹಗುರವಾಗಿ ಆಡುವವರೆಗೆ ಮಾಡಿ. ದಣಿವು ಕಂಡೊಡನೆ ನಿಲ್ಲಿಸಿ. ಹೊಟ್ಟೆ ತುಂಬಿದಾಗ ದಂಡ, ಬಸ್ಕಿ ಬೇಡ.

ಇನ್ನು ಶುಚಿತ್ವದ ಮಾತು. ಮೈಗೆ ಮೈ ತಾಗುವ ಆಟದಲ್ಲಿ ಹುಳಕಡ್ಡಿ ಬೇಗ ಹರಡುತ್ತದೆ. ಆದ್ದರಿಂದ:

• ಉಗುರು ಕತ್ತರಿಸಿಕೊಂಡೇ ಅಖಾಡಕ್ಕೆ ಇಳಿಯಿರಿ. ಇದು ಸುನ್ನತ್ ಕೂಡ.
• ಅಭ್ಯಾಸ ಮುಗಿದ ಕೂಡಲೇ ಸ್ನಾನ ಮಾಡಿ. ತೊಡೆಸಂದು, ಕಂಕುಳು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ.
• ಟವೆಲ್, ಲಂಗೋಟಿ ಹಂಚಿಕೊಳ್ಳಬೇಡಿ. ದಿನವೂ ಒಗೆದು ಬಿಸಿಲಿಗೆ ಹಾಕಿ.
• ಚರ್ಮದಲ್ಲಿ ಉಂಗುರದಂಥ ಕೆಂಪು ಕಲೆ ಕಂಡರೆ ವೈದ್ಯರು ಒಪ್ಪುವವರೆಗೆ ಕುಸ್ತಿ ನಿಲ್ಲಿಸಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ನಾಲ್ಕು ದಿನ ಅಡಗುತ್ತದೆ, ರೋಗ ಒಳಗೇ ಹಬ್ಬುತ್ತದೆ.

ಪೋಷಕರೇ, ಮಗ ಎಷ್ಟು ಜನರನ್ನು ಚಿತ್ ಮಾಡಿದ ಎಂದು ಮಾತ್ರ ಕೇಳಬೇಡಿ. ಇಂದು ಎಷ್ಟು ಸಲ ಸಿಟ್ಟು ನುಂಗಿದೆ ಎಂದೂ ಕೇಳಿ. ಆ ಹುಡುಗ ಕೈ ವಾಸಿಯಾದ ಮೇಲೆ ಏಟು ತಿಂದವನ ಮನೆಗೆ ಹೋಗಿ ಮಾಫಿ ಕೇಳಿ ಬಂದ. ಈಗ ಮತ್ತೆ ಗರಡಿಗೆ ಹೋಗುತ್ತಿದ್ದಾನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಬಲದ ಜೊತೆ ಸಬರನ್ನೂ ಕೊಡಲಿ. ಆಮೀನ್.