ಬಿಸಿಯಾದದ್ದು ಬ್ಯಾಟರಿ ಅಲ್ಲ, ಪಿನ್!

ದೀಪಾವಳಿ ರಜೆಗೆ ರೋಣಕ್ಕೆ ಹೊರಟಾಗ ಅಣ್ಣನ ಮಗನಿಗೆಂದು ನನ್ನ ರಿಮೋಟ್ ಕಾರನ್ನೇ ಬ್ಯಾಗಿಗೆ ಹಾಕಿಕೊಂಡಿದ್ದೆ. ಪೆನ್ಸಿಲ್ ಸೆಲ್ ಹಾಕುವ ಜಾತ್ರೆ ಕಾರಲ್ಲ ಅದು. ನಿಜವಾದ ಕಾರಿನ ಹತ್ತನೇ ಒಂದು ಅಳತೆಯದು, ಗದ್ದಲ ಮಾಡುತ್ತಾ ಓಡುವಂಥದ್ದು. ಮೊದಲಿದ್ದ 7.2 ವೋಲ್ಟಿನ ಹಳೇ ಬ್ಯಾಟರಿ ತೆಗೆದು 7.4 ವೋಲ್ಟಿನ ಲಿಪೊ ಹಾಕಿದ್ದೆ, ಜೊತೆಗೆ ಜೋರಾದ ಬ್ರಷ್‌ಲೆಸ್ ಮೋಟಾರೂ ಬಂದಿತ್ತು. ಹಳೇ ಬಿಳಿ ಪ್ಲಗ್ ಮಾತ್ರ ಹಾಗೇ ಬಿಟ್ಟಿದ್ದೆ. ಓಡ್ತಾ ಇದೆಯಲ್ಲ, ಮತ್ಯಾಕೆ ಬಿಚ್ಚೋದು ಅಂತ!

ಊರ ಹೊರಗಿನ ಎರಿ ಹೊಲದ ದಾರಿಯಲ್ಲಿ ಹತ್ತು ನಿಮಿಷ ಓಡಿರಬಹುದು, ಕಾರು ನಿಂತಿತು. ಹುಡುಗ ಓಡಿ ಹೋಗಿ ಬ್ಯಾಟರಿ ಪ್ಲಗ್ ಎಳೆದ. "ಕಾಕಾ, ಸುಡಾಕ್ಹತ್ತೇತಿ!" ಅಂತ ಚೀರಿ ಕೈ ಬಿಟ್ಟ. ಹೆಬ್ಬೆರಳ ತುದಿ ಕೆಂಪಗಾಗಿತ್ತು. ಬಿಳಿ ಪ್ಲಗ್ ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಎರಡೂ ಭಾಗ ಅಂಟಿಕೊಂಡಿದ್ದವು.

ತಣ್ಣೀರಿನಲ್ಲಿ ಬೆರಳು ಹಿಡಿಸಿದ ಮೇಲೆ ಉರಿ ಇಳಿಯಿತು. ಆದರೆ ವೈನಿಯ ಸಿಟ್ಟು ಇಳಿಯಲಿಲ್ಲ. "ಮೊದಲ ಅದನ್ನ ತಿಪ್ಪಿಗೆ ಒಗೀರಿ. ನನ್ನ ಮನಿಯೊಳಗ ಅದನ್ನ ಚಾರ್ಜಿಗೆ ಹಾಕೂದು ಬ್ಯಾಡ." ತಪ್ಪು ನನ್ನದೇ ಆಗಿತ್ತು. ಬಾಯಿ ಮುಚ್ಚಿಕೊಂಡು ಕಾರು ಎತ್ತಿಕೊಂಡು ಹೊರಬಿದ್ದೆ.

ಪಂಪ್‌ಸೆಟ್ ಪಾಠ

ಓಣಿಯ ಮೋಟಾರ್ ರಿವೈಂಡಿಂಗ್ ಅಂಗಡಿಯ ಅಜ್ಜ ಇಂಥ ಕಾರು ಕಂಡವರಲ್ಲ. ಕನ್ನಡಕ ಏರಿಸಿ ಪ್ಲಗ್ ನೋಡಿದವರೇ ನಕ್ಕರು. "ತಮ್ಮಾ, ಬ್ಯಾಟರಿ ಪಾಪ ಏನ್ ಮಾಡೇತಿ? ಪಂಪ್‌ಸೆಟ್ ಸ್ಟಾರ್ಟರ್‌ನಾಗ ಸ್ಕ್ರೂ ಲೂಸ್ ಇದ್ರ ಹಿಂಗ ಸುಡತೈತಿ. ಇದೂ ಅದ."

ಅಜ್ಜ ಹೇಳಿದ್ದನ್ನು ಲೆಕ್ಕಕ್ಕೆ ಹಾಕಿ ನೋಡಿ. ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಪಿನ್ ಸಡಿಲಾಗಿ ಅಲ್ಲಿ ಬರೀ 5 ಮಿಲಿಓಮ್ ತಡೆ ಇದ್ದರೂ, 40 ಆಂಪ್ ಹರಿದಾಗ 8 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಕಡ್ಡಿಯೇ 25 ವ್ಯಾಟಿನದು. ಅದರ ಮೂರರಲ್ಲಿ ಒಂದು ಪಾಲು ಬಿಸಿ ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟಿದರೆ ಪ್ಲಾಸ್ಟಿಕ್ ತಾಳುತ್ತದೆಯೇ? ಅದೇ ಬಿಗಿಯಾದ ಜೋಡಣೆಯಲ್ಲಿ ತಡೆ ಅರ್ಧ ಮಿಲಿಓಮ್ ಅಂದುಕೊಂಡರೆ, ಶಾಖ ಒಂದು ವ್ಯಾಟಿಗಿಂತ ಕಡಿಮೆ.

ಇನ್ನೊಂದು ಕಿರಿಕಿರಿ ಏನಂದ್ರೆ, ಒಮ್ಮೆ ಬಿಸಿಯಾದ ಪಿನ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಮೇಲ್ಮೈ ಕಪ್ಪಾಗುತ್ತದೆ. ತಡೆ ಹೆಚ್ಚಿ ಮತ್ತಷ್ಟು ಬಿಸಿ. ತಂತಾನೇ ಸರಿಹೋಗುವ ರೋಗವಲ್ಲ ಇದು.

ಹಳೇ ಬಿಳಿ ಪ್ಲಗ್ಗಿಗೆ ಹವ್ಯಾಸಿಗಳು ಟಾಮಿಯಾ ಪ್ಲಗ್ ಅನ್ನುತ್ತಾರೆ. ತೆಳು ತಗಡಿನ ಪಿನ್ನು, ಅದಕ್ಕೆ ಒತ್ತಿ ಕೂರಿಸಿದ ವಾಯರು. ಹಳೇ ಕಾಲದ ಸಣ್ಣ ಮೋಟಾರಿಗೆ ಅದು ಸಾಕಿತ್ತು, ಬ್ರಷ್‌ಲೆಸ್‌ಗೆ ಸಾಲದು. ಅದಕ್ಕೆ ಬದಲು ಎಕ್ಸ್‌ಟಿ60 ಹಾಕಿದೆ. ಹೆಸರಿನಲ್ಲಿರುವ 60 ಕ್ಷಣಕಾಲದ ಆಂಪ್ ಲೆಕ್ಕ, ಸತತವಾಗಿ ಹರಿಯುವುದಕ್ಕೆ 30 ಆಂಪ್ ಅಂತಿಟ್ಟುಕೊಳ್ಳಿ. ಕಾರಿನಲ್ಲಿ ದೊಡ್ಡ ಕರೆಂಟ್ ಹರಿಯುವುದು ವೇಗ ಹಿಡಿಯುವ ಕೆಲವೇ ಸೆಕೆಂಡು, ಹಾಗಾಗಿ ಸಾಕಾಗುತ್ತದೆ.

ಹೀಗೆ ಬದಲಿಸಿದೆವು

• ಬ್ಯಾಟರಿಯ ಎರಡೂ ವಾಯರನ್ನು ಒಟ್ಟಿಗೆ ಕತ್ತರಿಸಬೇಡಿ. ಕತ್ತರಿಯೇ ಎರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ, ಬೆಸುಗೆ ಹಾಕಿ, ಮುಚ್ಚಿದ ಮೇಲೆಯೇ ಇನ್ನೊಂದು.

• ಬೆಸುಗೆಗೆ ಮೊದಲೇ ವಾಯರಿಗೆ ಹೀಟ್‌ಶ್ರಿಂಕ್ ಸ್ಲೀವ್ ತೂರಿಸಿಟ್ಟುಕೊಳ್ಳಿ. ನಾನು ಮರೆತು ಒಂದು ಬೆಸುಗೆ ಬಿಚ್ಚಬೇಕಾಯಿತು.

• 25 ವ್ಯಾಟಿನ ಕಡ್ಡಿ ಸಾಲದು. ದಪ್ಪ ತಾಮ್ರ ಬಿಸಿಯನ್ನೆಲ್ಲ ಹೀರಿಕೊಂಡು ಬೆಸುಗೆ ಮೇಲೆ ಮಾತ್ರ ಅಂಟುತ್ತದೆ. ಟಿವಿ ರಿಪೇರಿಯವರು ಹೇಳುವ ಡ್ರೈ ಸೋಲ್ಡರ್ ಇದೇ, ಮುಂದೆ ಬಿಸಿಯಾಗುವ ಜಾಗವೂ ಇದೇ. ಅಜ್ಜನ ಬಳಿ 60 ವ್ಯಾಟಿನದು ಇತ್ತು.

• ಹೊಸ ಪ್ಲಗ್ಗಿನ ಎರಡೂ ಭಾಗ ಜೋಡಿಸಿಟ್ಟೇ ಬೆಸುಗೆ ಹಾಕಿ. ಪಿನ್ ಓರೆಯಾಗುವುದಿಲ್ಲ. ಆದರೆ ಜೊತೆಗಿರುವ ಭಾಗಕ್ಕೆ ಏನೂ ಜೋಡಿಸಿರಬಾರದು.

• ವಾಯರಿಗೂ ಪಿನ್ನಿಗೂ ಮೊದಲು ಬೇರೆ ಬೇರೆ ಬೆಸುಗೆ ಸವರಿ, ಆಮೇಲೆ ಕೂಡಿಸಿ. ಹೊಳೆಯುವಂತೆ ಕೂತರೆ ಸರಿ, ಉಂಡೆಯಾದರೆ ಮತ್ತೆ ಮಾಡಿ.

• ಪ್ಲಗ್ಗಿನ ಮೇಲಿನ ಪ್ಲಸ್ ಗುರುತಿಗೆ ಕೆಂಪು, ಮೈನಸ್‌ಗೆ ಕಪ್ಪು. ಬ್ಯಾಟರಿ ಕಡೆಗೆ ಪಿನ್ ಒಳಗೆ ಅಡಗಿರುವ ಭಾಗವೇ ಬರಬೇಕು.

ಮುಟ್ಟಿ ನೋಡಿ

ಮರುದಿನ ಗಜೇಂದ್ರಗಡಕ್ಕೆ ಹೋಗಿದ್ದೆವು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಕೆಳಗೆ ಗಟ್ಟಿ ನೆಲ. ಐದು ನಿಮಿಷ ಓಡಿಸಿ ಮುಟ್ಟಿದರೆ ಪ್ಲಗ್ ಉಗುರುಬೆಚ್ಚಗೆ ಅಷ್ಟೇ. ಪ್ಲಗ್ ಒಂದೇ ಸುಡುತ್ತಿದ್ದರೆ ಜೋಡಣೆ ಕೆಟ್ಟಿದೆ ಅಂತ ತಿಳಿಯಿರಿ. ವಾಯರ್ ಉದ್ದಕ್ಕೂ ಬಿಸಿಯಾದರೆ ವಾಯರ್ ತೆಳುವಾಯಿತು, ಇಲ್ಲವೇ ಕರೆಂಟ್ ಅತಿಯಾಯಿತು. ಮೋಟಾರೂ ಸುಡುತ್ತಿದ್ದರೆ ಗಾಲಿಗೆ ಏನಾದರೂ ಸುತ್ತಿಕೊಂಡಿದೆಯೇ ನೋಡಿ. ನಮ್ಮ ಎರಿಮಣ್ಣು ಹಸಿ ಇದ್ದಾಗ ಗಾಲಿಗೆ ಮೆತ್ತಿ ಮೋಟಾರನ್ನು ಹಿಡಿದೇಬಿಡುತ್ತದೆ. ಆ ಭಾರಕ್ಕೆ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಅದೆಲ್ಲ ಹಾದುಹೋಗುವುದು ಪ್ಲಗ್ಗಿನ ಮೂಲಕವೇ.

ವಾಪಸ್ ಬರುವಾಗ ನರಗುಂದದ ಅಕ್ಕನ ಮನೆಗೆ ಹೋದೆ. ಔಷಧಿ ಹೊಡೆಯುವ ಬ್ಯಾಟರಿ ಪಂಪ್ ಸೋತಿದೆ, ಹೊಸ ಬ್ಯಾಟರಿ ತರಬೇಕು ಅಂತ ಅಕ್ಕನ ಗಂಡ ಹೊರಟಿದ್ದರು. ಬಿಚ್ಚಿ ನೋಡಿದರೆ ಬ್ಯಾಟರಿಗೆ ಸಿಕ್ಕಿಸುವ ಥಿಂಬಲ್ ಕಪ್ಪಾಗಿ ಸಡಿಲಾಗಿತ್ತು. ಉಜ್ಜಿ, ಇಕ್ಕಳದಿಂದ ಬಿಗಿ ಮಾಡಿದೆ, ಪಂಪ್ ಮೊದಲಿನ ಹಾಗೆ ಉಗುಳಿತು. ಹೊಸ ಬ್ಯಾಟರಿ ಖರ್ಚು ಉಳಿಯಿತು.

ವೈನಿಗೆ ಮಾತ್ರ ಇಷ್ಟರಿಂದ ಸಮಾಧಾನ ಇಲ್ಲ, ಮತ್ತು ಅವರದು ಸುಳ್ಳು ಭಯವೂ ಅಲ್ಲ. ಉಬ್ಬಿದ, ಏಟು ಬಿದ್ದ ಲಿಪೊಗೆ ಬೆಂಕಿ ಹತ್ತಬಹುದು. ತಿಪ್ಪೆಗೆ ಒಗೆದರೂ ಅಪಾಯವೇ, ಅಂಥದ್ದನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು. ನಾವು ಮನೆಯಲ್ಲಿ ಕರಾರು ಮಾಡಿಕೊಂಡೆವು: ಚಾರ್ಜಿಂಗ್ ಕಟ್ಟೆಯ ಮೇಲೆ, ಕಲ್ಲಿನ ಮೇಲೆ, ದೊಡ್ಡವರು ಎದುರಿಗಿದ್ದಾಗ ಮಾತ್ರ. ಒಂದು ಸೆಲ್‌ಗೆ 4.2 ವೋಲ್ಟ್ ದಾಟಬಾರದು. ಓಡಿಸಿದ ಮೇಲೆ ಪ್ಲಗ್ ಮೊದಲು ಮುಟ್ಟುವುದು ದೊಡ್ಡವರು, ಹುಡುಗನಲ್ಲ.

ಹೊರಡುವ ದಿನ ಅಂಗಳದಲ್ಲಿ ಕೊನೇ ಸುತ್ತು ಮುಗಿಯಿತು. ಹುಡುಗ ಕಾರಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದ. ವೈನಿ ಒಳಗಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ ಪ್ಲಗ್ ಮುಟ್ಟಿದರು. "ಬೆಚ್ಚಗೈತಿ ಅಷ್ಟ. ತಗೋ."