ಎಪ್ಪತ್ತು ಸೆಕೆಂಡಿಗೆ ಒಂದು ಎಕ್ಸ್-ರೇ

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ನಡೆಸುವ ಎಫ್‌ಆರ್‌ಸಿಆರ್ ಪರೀಕ್ಷೆಯ ಕೊನೆಯ ಹಂತದಲ್ಲಿ ‘ರ‍್ಯಾಪಿಡ್ ರಿಪೋರ್ಟಿಂಗ್’ ಎಂಬ ಭಾಗ ಬಹುಕಾಲ ಅಭ್ಯರ್ಥಿಗಳ ನಿದ್ದೆ ಕೆಡಿಸಿತ್ತು. 35 ನಿಮಿಷ, 30 ಎಕ್ಸ್-ರೇ. ಚಿತ್ರ ಸಹಜವಾಗಿದೆಯೇ? ಇಲ್ಲದಿದ್ದರೆ ದೋಷ ಯಾವುದು, ಎಲ್ಲಿದೆ? ಅಷ್ಟು ಬರೆದು ಮುಂದೆ ಹೋಗಬೇಕು. ಪರೀಕ್ಷೆಯ ಸ್ವರೂಪ ಕಾಲಕಾಲಕ್ಕೆ ಬದಲಾಗುತ್ತದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೂರುವ ವೈದ್ಯರಿಗೆ ಮಾತ್ರ ಈ ಕೌಶಲ ಯಾವತ್ತೂ ಬೇಕು.

ಇಲ್ಲಿ ಕಠಿಣವಾದದ್ದು ‘ಸಹಜ’ ಎಂದು ಬರೆಯುವುದು. ದೋಷ ಇದ್ದೇ ಇರುತ್ತದೆಂದು ಹುಡುಕಲು ಕೂತ ಕಣ್ಣಿಗೆ ಪ್ರತಿ ಗೆರೆಯೂ ಬಿರುಕಾಗಿ ಕಾಣುತ್ತದೆ. ಹತ್ತು-ಹನ್ನೆರಡರ ವಯಸ್ಸಿನವರ ಪಾದದಲ್ಲಿ, ಐದನೇ ಮೆಟಟಾರ್ಸಲ್ಲಿನ ಬುಡದಲ್ಲಿ ಮೂಳೆಯ ಉದ್ದಕ್ಕೆ ಸಾಗುವ ಗೆರೆ ಬೆಳವಣಿಗೆಯದು. ಮುರಿತ ಸಾಮಾನ್ಯವಾಗಿ ಅಡ್ಡಕ್ಕೆ ಹಾಯುತ್ತದೆ. ಇಂಥ ವ್ಯತ್ಯಾಸ ಗೊತ್ತಾಗಬೇಕಾದರೆ ಸಹಜ ಚಿತ್ರಗಳನ್ನೇ ರಾಶಿರಾಶಿ ನೋಡಿರಬೇಕು. ರೋಗದ ಚಿತ್ರಗಳನ್ನಷ್ಟೇ ಗುಡ್ಡೆಹಾಕಿಕೊಂಡು ಓದುವುದು ದಾರಿ ತಪ್ಪಿಸುವ ಅಭ್ಯಾಸ.

ಎರಡನೆಯದು, ಪ್ರತಿ ಅಂಗಕ್ಕೂ ನೋಟದ ಒಂದು ಕ್ರಮ. ಎದೆಯ ಚಿತ್ರವಾದರೆ ಕೊನೆಗೆ ಶ್ವಾಸಕೋಶದ ತುದಿ, ಹೃದಯದ ಹಿಂಬದಿ, ವಪೆಯ ಕೆಳಗು, ಪಕ್ಕೆಲುಬು, ಭುಜ ಇವನ್ನು ತಪ್ಪದೆ ನೋಡಬೇಕು. ಭುಜದ ಚಿತ್ರದ ಮೂಲೆಯಲ್ಲಿ ಶ್ವಾಸಕೋಶದ ಗಡ್ಡೆಯೂ ಅಡಗಿರಬಹುದು. ಮಕ್ಕಳ ಮೊಣಕೈಯಂತೂ ಕ್ರಮವಿಲ್ಲದೆ ಓದಲಾಗದ ಜಾಗ. ಅಲ್ಲಿ ಮೂಳೆ ಮೂಡುವ ಸರದಿ ಹೀಗೆ: ಕ್ಯಾಪಿಟೆಲಂ, ರೇಡಿಯಸ್ಸಿನ ತಲೆ, ಒಳ ಎಪಿಕಾಂಡೈಲ್, ಟ್ರಾಕ್ಲಿಯಾ, ಓಲೆಕ್ರನಾನ್, ಹೊರ ಎಪಿಕಾಂಡೈಲ್. ಟ್ರಾಕ್ಲಿಯಾ ಕಾಣಿಸುತ್ತಿದ್ದು ಒಳ ಎಪಿಕಾಂಡೈಲ್ ತನ್ನ ಜಾಗದಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಟ್ರಾಕ್ಲಿಯಾ ಎಂದುಕೊಂಡದ್ದು, ಕಿತ್ತುಬಂದು ಕೀಲಿನೊಳಗೆ ಸಿಕ್ಕಿಕೊಂಡ ಎಪಿಕಾಂಡೈಲೇ ಆಗಿರಬಹುದು. ಮೊಣಕೈ ಹಿಂಬದಿಯಲ್ಲಿ ಕೊಬ್ಬಿನ ಕಪ್ಪು ಛಾಯೆ ಕಂಡರೆ ಕೀಲಿನಲ್ಲಿ ದ್ರವ ತುಂಬಿದೆ ಎಂದರ್ಥ. ಪೆಟ್ಟು ಬಿದ್ದವರಲ್ಲಿ, ಬಿರುಕು ಕಣ್ಣಿಗೆ ಬೀಳದಿದ್ದರೂ, ಮುರಿತವನ್ನು ಶಂಕಿಸಲೇಬೇಕು.

ಒಂದು ದೋಷ ಸಿಕ್ಕೊಡನೆ ಕಣ್ಣು ಹುಡುಕಾಟ ನಿಲ್ಲಿಸಿಬಿಡುತ್ತದೆ. ಆಸ್ಪತ್ರೆಯಲ್ಲಿ ಇದು ಅಪಾಯಕರ, ಆದ್ದರಿಂದ ಅಭ್ಯಾಸದಲ್ಲೂ ಕ್ರಮವನ್ನು ಕೊನೆಯವರೆಗೆ ಮುಗಿಸಬೇಕು.

ಮೊದಲ ವಾರಗಳಲ್ಲಿ ಗಡಿಯಾರ ಬೇಡ. ಕ್ರಮ ಕಣ್ಣಿಗೆ ಒಗ್ಗಿದ ಮೇಲೆ ಸಹಜ, ಅಸಹಜ ಬೆರೆಸಿದ 30 ಚಿತ್ರಗಳ ಕಟ್ಟನ್ನು ಸ್ನೇಹಿತರಿಂದ ಜೋಡಿಸಿಕೊಂಡು ಸಮಯವಿಟ್ಟು ಕೂರಿ. ಅನುಮಾನ ಹುಟ್ಟಿಸಿದ್ದಕ್ಕೆ ಗುರುತು ಹಾಕಿ ಮುಂದೆ ಸಾಗಿ. ಕೊನೆಗೆ ಮರಳಿ ನೋಡಲು ಐದು ನಿಮಿಷ ಉಳಿಯಲಿ. ಆಮೇಲೆ ತಪ್ಪುಗಳನ್ನು ಬೇರ್ಪಡಿಸಿ: ಕಾಣದೇ ಹೋದವು ಒಂದು ಕಡೆ, ಕಂಡೂ ತಪ್ಪಾಗಿ ತೀರ್ಮಾನಿಸಿದವು ಇನ್ನೊಂದು ಕಡೆ. ಮೊದಲ ಗುಂಪಿಗೆ ನೋಟದ ಕ್ರಮವನ್ನು ತಿದ್ದಬೇಕು, ಎರಡನೆಯದಕ್ಕೆ ಅದೇ ಅಂಗದ, ಅದೇ ವಯಸ್ಸಿನವರ ಸಹಜ ಚಿತ್ರಗಳನ್ನು ಎದುರಿಗಿಟ್ಟು ಹೋಲಿಸಬೇಕು.